ಕಾಂಗರೂ ಸಿಂಹ

ಜನವರಿ 8, ಗುರುವಾರ

ಮೊಮ್ಮಗಳು ಮನೆಗೆ ಬಂತು. ಮೊಮ್ಮಗಳು ಅನ್ನೋಕಿಂತ ಮೊಮ್ಮಗಳ ಸ್ಯಾಂಪಲ್ಲು ಅನ್ಬೋದು. ಒಂದೂಮುಕ್ಕಾಲು ಕೆಜಿ. ಮೊನ್ನೆ ನಾನು ತಂದ ಅವರೆಕಾಯಿ ಚೀಲ ಇದಕ್ಕಿಂತ ಭಾರ ಇತ್ತು. ದಿನ ತುಂಬೋಕೆ ಮುಂಚೆನೇ ಹುಟ್ಟಿ, ಇಷ್ಟು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಲಿತ್ತು. ಕಾರಿಂದ ಇಳಿಸಿದಾಗ ನೋಡಿದೆ. ಟವಲ್ಲು, ಟವಲ್ಲೊಳಗೆ ಟೋಪಿ, ಟೋಪಿಯೊಳಗೆ ಹುಡುಕಿದ್ರೆ ಒಂದು ಮೂಗು. ಈರುಳ್ಳಿ ಥರ ಸುಲೀತಾ ಹೋದ್ರೆ ಕೊನೆಗೆ ಏನೂ ಉಳಿಯಲ್ವೇನೋ ಅನ್ನಿಸ್ತು. ನಾನು ಮುಟ್ಲಿಲ್ಲ. ಮುಟ್ಟೋ ಯೋಚನೆನೂ ಇಲ್ಲ. ಗಾಜಿನ ಸಾಮಾನು ನನ್ನ ಕೈಲಿ ಉಳಿದಿದ್ದೇ ಇಲ್ಲ.

ಮಗಳು ವಿಭಾ ಸುಸ್ತಾಗಿದಾಳೆ. ಹೊಟ್ಟೆ ಕುಯ್ದ ಹೊಲಿಗೆ ಕೀವಾಗಿದೆ. ಅವಳಮ್ಮ ಇಲ್ಲ, ಹೋಗಿ ಆರು ವರ್ಷ ಆಯ್ತು. ಅದಕ್ಕೇ ಬಾಣಂತನಕ್ಕೆ ನಮ್ಮಕ್ಕ ಸೀತಾಲಕ್ಷ್ಮಿ ಬಸವನಗುಡಿಯಿಂದ ಟ್ರಂಕ್ ಸಮೇತ ಬಂದಿಳಿದಿದಾಳೆ. ಎಂಬತ್ತೆರಡು ವಯಸ್ಸು. ಹೆಸರಲ್ಲಿ ಸೀತೆ, ಕೋಪದಲ್ಲಿ ಲಂಕೆ. ಬಾಣಂತನದಲ್ಲಿರೋ ಬಾಣ ಎಲ್ಲಾ ಅವಳ ಬತ್ತಳಿಕೆಲೇ ಇದೆ.

ಅಳಿಯ ನಚಿಕೇತನ ಕಥೆ ಬೇರೆ. ಹೆಂಡ್ತಿಗೆ ನೋವು ಬಂತು ಅಂತ ಸ್ಕೂಟರಲ್ಲಿ ಹಾರ್ಕೊಂಡು ಬರ್ತಾ ಬನಶಂಕರಿ ಹತ್ರ ರಸ್ತೆ ಗುಂಡಿಗೆ ಬಿದ್ದು ಹೆಗಲಿನ ಮೂಳೆ ಮುರ್ಕೊಂಡ. ಎದೆ ಸುತ್ತ ಬೆಲ್ಟ್ ಬಿಗಿಸ್ಕೊಂಡು ಉತ್ತರಹಳ್ಳಿಲಿ ಅವರಮ್ಮನ ಮನೇಲಿ ಮಲಗಿದಾನೆ. ಬೀಗಿತ್ತಿಗೆ ಅವನದ್ದೇ ಬಾಣಂತನ.

ಡಾಕ್ಟರು ಹೇಳಿರೋದು ಎರಡೇ ಮಾತು. ಮೈ ತಣ್ಣಗಾಗ್ಬಾರ್ದು, ತೂಕ ಏರ್ಬೇಕು. ಯಾವುದು ತಪ್ಪಿದ್ರೂ ವಾಪಸ್ ಗಾಜಿನ ಪೆಟ್ಟಿಗೆ.

ಮೂಗಿಗೆ ಒಂದು ಚಿಟಿಕೆ ನಶ್ಯ ಏರಿಸಿ ಇದನ್ನ ಬರ್ದೆ. ಸೀನಿದ ರಭಸಕ್ಕೆ ಒಳಗೆ ಅದು ಬೆಚ್ಚಿಬಿದ್ದು ಅತ್ತಿತು. ಅಳೋದೂ ಸ್ಯಾಂಪಲ್ಲೇ.


ಜನವರಿ 9, ಶುಕ್ರವಾರ

ಇವತ್ತು ಆದ ಮರ್ಯಾದೆ ಬರ್ದಿಡ್ಬೇಕು.

ವಿಭಾ ಹೊಲಿಗೆಗೆ ಡ್ರೆಸಿಂಗ್ ಮಾಡೋಕೆ ಆಸ್ಪತ್ರೆಯಿಂದ ಶ್ವೇತ ಅಂತ ನರ್ಸು ಬಂದ್ಲು. ಪುಟ್ಟೇನಹಳ್ಳಿ ಹುಡುಗಿ, ಮಾತು ಕಡ್ಡಿ ಮುರಿದ ಹಾಗೆ. ಮಗು ಕಾಲು ಮುಟ್ಟಿ ನೋಡಿ ಮುಖ ಗಂಟಿಕ್ಕಿದ್ಲು.

‘ತಣ್ಣಗಿದೆ. ಎದೆಗೆ ಹಾಕ್ಕೊಳ್ತಿಲ್ವಾ ಮೇಡಂ?’

‘ಆಗ್ತಿಲ್ಲ ಸಿಸ್ಟರ್’ ಅಂತ ವಿಭಾ ಅಳೋಕೆ ಶುರು ಮಾಡಿದ್ಲು. ಹೊಲಿಗೆ ಎಳೆಯುತ್ತೆ, ಜ್ವರ ಬೇರೆ. ಸ್ವಲ್ಪ ಹೊತ್ತಿಗೇ ಕೈ ನಡುಗುತ್ತಂತೆ.

ವಿಷಯ ಏನಂದ್ರೆ, ಇಂಥ ಮಕ್ಕಳನ್ನ ಬರೀ ಟೋಪಿ, ಕಾಲ್ಚೀಲ, ಚಡ್ಡಿಲಿ ತಾಯಿಯ ಬರಿ ಎದೆಗೆ ಕಪ್ಪೆ ಥರ ಅಂಟಿಸಿ ಬಟ್ಟೆ ಕಟ್ಬೇಕು. ಮೈ ಕಾವು ಮೈಗೆ. ಕಾಂಗರೂ ಆರೈಕೆ ಅಂತಾರೆ. ದಿನವಿಡೀ ಯಾರಾದ್ರೂ ಹೊತ್ಕೊಂಡಿರ್ಬೇಕು.

‘ತಾಯಿಗೆ ಆಗದಿದ್ರೆ ಬೇರೆ ಯಾರಾದ್ರೂ ಆಗುತ್ತೆ. ಅಪ್ಪ ಎಲ್ಲಿ?’

‘ಗುಂಡಿಗೆ ಬಿದ್ದಿದಾನೆ’ ಅಂದೆ.

ಅಕ್ಕ ‘ನಾನು ಕೂತ್ರೆ ಅಡುಗೆ ಯಾರು ಮಾಡ್ತಾರೆ? ಇದೆಂಥಾ ಕೋತಿ ಆಟ ಕಣಮ್ಮ’ ಅಂತ ಒಳಗೆ ಹೋದ್ಲು. ಶ್ವೇತ ನನ್ನ ಕಡೆ ತಿರುಗಿದ್ಲು.

‘ತಾತ, ಶರ್ಟ್ ಬಿಚ್ಚಿ.’

‘ಯಾಕಮ್ಮ, ಇಂಜೆಕ್ಷನ್ನಾ?’

‘ಕೆಮ್ಮು ನೆಗಡಿ ಇದೆಯಾ? ಬೀಡಿ, ಸಿಗರೇಟು?’

‘ನಶ್ಯ ಇದೆ. ಬೇಕಾ?’

‘ಅದನ್ನ ಇವತ್ತೇ ಬಿಡಿ. ಸೋಪು ಹಾಕಿ ಸ್ನಾನ ಮಾಡ್ಕೊಂಡು ಬನ್ನಿ. ಕಾಯ್ತೀನಿ.’

ಅಳಿಯ ಗುಂಡಿಗೆ ಬಿದ್ದ, ಮಾವ ಗುಂಡಿ ಬಿಚ್ಚಿದ. ಕುರ್ಚಿಲಿ ಒರಗಿಸಿ ಕೂರಿಸಿ, ಅದನ್ನ ನನ್ನೆದೆ ಮಧ್ಯ ನೆಟ್ಟಗೆ ಇಟ್ಟು, ತಲೆ ಒಂದು ಪಕ್ಕ ತಿರುಗಿಸಿ, ವಿಭಾದೊಂದು ಹಳೇ ಕಾಟನ್ ಸೀರೆ ಸುತ್ತಿ ಕಟ್ಟಿದ್ಲು. ‘ಮೂಗು ಮುಚ್ಬಾರ್ದು, ಕತ್ತು ಮಡಚ್ಬಾರ್ದು, ನೀವು ಹೀಗೆ ನಿದ್ದೆ ಮಾಡ್ಬಾರ್ದು’ ಅಂತ ತಾಕೀತು. ಹಲ್ಲಿ ಬಿದ್ದ ಹಾಗಾಯ್ತು ನಂಗೆ. ತಣ್ಣಗೆ. ಆಮೇಲೆ ಬೆಚ್ಚಗೆ.

ಅಕ್ಕ ಬಾಗಿಲಲ್ಲಿ ನಿಂತು ಕಿರುಚಿದ್ಲು. ‘ಜನಿವಾರ ಹಾಕ್ಕೊಂಡ ಗಂಡಸು, ಬಾಣಂತಿ ಕೋಣೇಲಿ ಬರಿಮೈಲಿ! ನೋಡಿದವ್ರು ಏನಂತಾರೋ ಸಿಂಹ?’

‘ಸಿಂಹ ಅಲ್ಲ ಅಕ್ಕ, ಕಾಂಗರೂ ಅಂತಾರೆ’ ಅಂದೆ.

ಸ್ವಲ್ಪ ಹೊತ್ತಿಗೆ ನೋಡಿದ್ರೆ ಅದು ಜನಿವಾರ ಹಿಡ್ಕೊಂಡಿದೆ. ಬಿಡಿಸೋಕೆ ಹೋದ್ರೆ ಬಿಡ್ಲಿಲ್ಲ. ಅಷ್ಟು ಸಣ್ಣ ಕೈಗೆ ಅಷ್ಟೊಂದು ಹಟ!


ಜನವರಿ 11, ಭಾನುವಾರ

ಬೆಳಿಗ್ಗೆ ಗೌರೀಶಂಕರ ಕಿಟಕಿ ಹತ್ರ ಬಂದ. ಯಡಿಯೂರು ಕೆರೆ ವಾಕಿಂಗಿಗೆ ಜೊತೆಗಾರ. ಅವನ ಕೆಮ್ಮು ಅವನಿಗಿಂತ ಎರಡು ಮನೆ ಮುಂಚೆ ಬರುತ್ತೆ.

‘ಏನೋ ಇದು ಜಯಸಿಂಹ, ಎದೆಗೇನು ಬ್ಯಾಂಡೇಜು?’

‘ಹೆರಿಗೆ ಆಯ್ತು ಕಣೋ.’

‘ಥೂ. ಗಂಡಸಾಗಿ ಈ ವಯಸ್ಸಲ್ಲಿ...’

‘ಈ ವಯಸ್ಸಲ್ಲಿ ಆಗಿದ್ದಕ್ಕೇ ಸಿಸೇರಿಯನ್ನು’ ಅಂತ ಕಿಟಕಿ ಹಾಕಿದೆ. ಹೊರಗೆ ನಿಂತು ಕೆಮ್ತಾನೇ ಇದ್ದ. ನಾನು ತೆಗೀಲಿಲ್ಲ.


ಜನವರಿ 12, ಸೋಮವಾರ

ಬಾಣಂತಿಗೆ ನೀರು ಕೊಡ್ಬಾರ್ದು, ಮೈ ಊದುತ್ತೆ ಅಂತ ಅಕ್ಕನ ಕಾನೂನು. ದಿನಕ್ಕೆ ಒಂದೆರಡು ಲೋಟ ಬಿಸಿನೀರು, ಅದೂ ಅವಳ ಕಣ್ಣೆದುರಿಗೆ. ತುಟಿ ಒಡೆದು ಹೋಗಿದೆ ವಿಭಾಗೆ. ಹಾಲೂ ಕಮ್ಮಿ. ಶ್ವೇತ ಬಂದಾಗ ‘ಬಾಯಾರಿದಾಗೆಲ್ಲ ಕುಡೀರಿ ಮೇಡಂ, ತರಕಾರಿ ತಿನ್ನಿ’ ಅಂತಾಳೆ, ಅಕ್ಕ ‘ಆಯ್ತಮ್ಮ’ ಅಂತಾಳೆ, ಶ್ವೇತ ಗೇಟು ದಾಟಿದ ಮೇಲೆ ಚೊಂಬು ಎತ್ತಿಡ್ತಾಳೆ.

ಟೆಲಿಫೋನ್ ಇಲಾಖೆಲಿ ಇಡೀ ಸರ್ವಿಸ್ ರಾಂಗ್ ನಂಬರ್ ಅಂತ ಜನರನ್ನ ಆಟ ಆಡಿಸಿದವನು ನಾನು. ದೊಡ್ಡ ಚೊಂಬಿಗೆ ಕಾಯಿಸಿ ಆರಿಸಿದ ನೀರು ತುಂಬಿ, ಮೇಲೆ ಎರಡು ದಳ ತುಳಸಿ ಬಿಟ್ಟೆ.

‘ಏನೋ ಅದು?’

‘ತೀರ್ಥ. ದೇವಸ್ಥಾನದ್ದು. ಬಾಣಂತಿಗೆ ವಿಶೇಷ.’

‘ಒಂದು ಚೊಂಬಾ?’

‘ದೇವರು ದೊಡ್ಡವನು ಅಕ್ಕ.’

ತೀರ್ಥ ಬೇಡ ಅನ್ನೋಕೆ ಅಕ್ಕನಿಗೆ ಬಾಯಿ ಬರುತ್ತಾ? ವಿಭಾ ಗಟಗಟ ಕುಡಿದ್ಲು. ಇವತ್ತು ಮೂರು ದೇವರ ತೀರ್ಥ ಬಂತು. ನಾಳೆ ನವಗ್ರಹ.


ಜನವರಿ 15, ಸಂಕ್ರಾಂತಿ

ಎಳ್ಳು ತಿಂದು ಒಳ್ಳೆ ಮಾತಾಡ್ಬೇಕಾದ ದಿನ. ಆಡ್ಲಿಲ್ಲ.

ನಾನು ಸ್ನಾನಕ್ಕೆ ಹೋಗಿದ್ದೆ. ಮಗು ವಿಭಾ ಪಕ್ಕ ಮಲಗಿತ್ತು, ವಿಭಾಗೆ ನಿದ್ದೆ ಹತ್ತಿತ್ತು. ಬಂದು ನೋಡಿದ್ರೆ ಕೋಣೆ ಕಿಟಕಿ ಭದ್ರ, ಮೊರದಗಲದ ತಟ್ಟೆಲಿ ಕೆಂಡ, ಅದರ ಮೇಲೆ ಸಾಂಬ್ರಾಣಿ ಹಾಕೋಕೆ ಅಕ್ಕ ಕೈ ಎತ್ತಿದಾಳೆ. ಎಣ್ಣೆ ಬಟ್ಟಲು ರೆಡಿ. ಎಣ್ಣೆ ಹಚ್ಚಿ, ಎರೆದು, ಹೊಗೆ ಹಾಕೋ ಪ್ಲಾನು.

‘ಹೊಗೆ ಹಾಕಿಸ್ಕೊಳೋ ವಯಸ್ಸು ನಂದು ಅಕ್ಕ, ಅದರದ್ದಲ್ಲ’ ಅಂದೆ. ಮಾಮೂಲಿ ಹಾಗೆ ನಗ್ತಾನೇ.

‘ತಮಾಷೆ ಬೇಡ. ಶೀತ ಹೋಗ್ಬೇಕು. ನಿನಗೂ ಹೀಗೇ ಮಾಡಿದ್ದು ನಮ್ಮಮ್ಮ. ನೀನೂ ಇಷ್ಟೇ ಇದ್ದೆ. ಬದುಕ್ಲಿಲ್ವಾ? ಕಲ್ಲಿನ ಥರ ಇದೀಯ.’

ಯಾಕೋ ಗೊತ್ತಿಲ್ಲ, ತಮಾಷೆ ಬರ್ಲಿಲ್ಲ ಬಾಯಿಗೆ. ಚೊಂಬಲ್ಲಿದ್ದ ಅಷ್ಟೂ ತೀರ್ಥ ಕೆಂಡಕ್ಕೆ ಸುರಿದೆ. ಚುಂಯ್ ಅಂತು.

‘ಅಮ್ಮ ಹೆತ್ತಿದ್ದು ಏಳು. ಉಳಿದಿದ್ದು ನಾವಿಬ್ರು. ಉಳಿದವ್ರು ಬಂದು ಸಾಕ್ಷಿ ಹೇಳ್ತಾರೆ ಅಕ್ಕ. ಹೋದ ಐದು ಜನ ಬಂದು ಹೇಳಲ್ಲ.’

ಅಕ್ಕ ಒದ್ದೆ ಬೂದಿ ತಟ್ಟೆ ಎತ್ಕೊಂಡು ಹೋದ್ಲು. ವಿಭಾ ಎದ್ದು ಕೂತು ನನ್ನೇ ನೋಡ್ತಿದ್ಲು.

‘ಅಪ್ಪ, ನೀನು ಕೂಗಾಡಿದ್ದು ಇದೇ ಮೊದಲು.’

‘ಕೂಗಾಡ್ಲಿಲ್ವಲ್ಲೇ.’

‘ಕೈ ನೋಡ್ಕೋ.’

ಖಾಲಿ ಚೊಂಬನ್ನ ಇನ್ನೂ ಬೋರಲಾಗೇ ಹಿಡ್ಕೊಂಡಿದ್ದೆ. ತೀರ್ಥ ಒಂದು ತೊಟ್ಟೂ ಉಳೀಬಾರ್ದಲ್ಲ, ಅದಕ್ಕೆ.


ಜನವರಿ 16

ಅಕ್ಕ ಮಾತು ಬಿಟ್ಟಿದಾಳೆ. ಆಸ್ಪತ್ರೆಗೆ ಹೋಗಿದ್ವಿ. ತೂಕ ಅಲ್ಲೇ ನಿಂತಿದೆ. ಡಾಕ್ಟರು ಮುಂದಿನ ಶನಿವಾರದವರೆಗೆ ನೋಡೋಣ ಅಂದ್ರು. ಆಮೇಲೆ ಪೆಟ್ಟಿಗೆ.

ಇವತ್ತು ಇಷ್ಟೇ.


ಜನವರಿ 18, ಭಾನುವಾರ

ಎದೆಹಾಲು ಚೀಪೋಕೆ ಇವಳಿಗೆ ಶಕ್ತಿ ಸಾಲ್ತಿಲ್ಲ. ಬೇಗ ಸುಸ್ತಾಗಿ ಮಲಗಿಬಿಡ್ತಾಳೆ. ಅದಕ್ಕೇ ವಿಭಾ ಹಾಲು ಹಿಂಡಿ ಕೊಡ್ತಾಳೆ, ಚಮಚದಲ್ಲಿ ಕುಡಿಸೋದು. ನಾನು ಕುಡಿಸಿದ್ರೆ ಅರ್ಧ ಅವಳ ಕುತ್ತಿಗೆಗೆ, ಅರ್ಧ ನನ್ನ ಎದೆಗೆ.

ಇವತ್ತು ಅಕ್ಕ ಮಾತಿಲ್ದೆ ಬಂದ್ಲು. ಕೈಲಿ ಬೆಳ್ಳಿ ಒಳಲೆ. ಅಮ್ಮನ ಕಾಲದ್ದು, ದೋಣಿ ಥರ ಮೂತಿ ಇರೋದು. ಟ್ರಂಕಿಂದ ತೆಗೆದು ಕುದಿಯೋ ನೀರಲ್ಲಿ ಹಾಕಿ ತಂದಿದಾಳೆ. ಕುದಿಸು ಅಂತ ನಾನು ಹೇಳಿರ್ಲಿಲ್ಲ. ಶ್ವೇತ ಹೇಳೋದು ಅಡುಗೆಮನೆಗೂ ಕೇಳ್ಸುತ್ತೆ ಅನ್ಸುತ್ತೆ. ಕೂತು, ತುಟಿ ಅಂಚಿಗೆ ಒಳಲೆ ತಾಗಿಸಿ, ಹನಿ ಹನಿ ಬಿಟ್ಟು, ನುಂಗೋವರೆಗೂ ಕಾದು, ಮತ್ತೆ ಬಿಟ್ಟು. ಒಂದು ತೊಟ್ಟು ಚೆಲ್ಲಲಿಲ್ಲ. ಅರ್ಧ ಗಂಟೆ ಅಕ್ಕನ ತಲೆ ನನ್ನ ಗದ್ದಕ್ಕೆ ತಾಗ್ತಿತ್ತು, ನನ್ನ ಮುಖ ಮಾತ್ರ ನೋಡ್ಲಿಲ್ಲ.

ಮುಗಿದ ಮೇಲೆ ಗೋಡೆಗೆ ಹೇಳಿದ್ಲು: ‘ಶುಕ್ರವಾರ ಪಂಚಮಿ. ತೊಟ್ಟಿಲಿಗೆ ಹಾಕಿ ಹೆಸರಿಡೋದು. ಎಲ್ರಿಗೂ ಹೇಳಿ ಆಗಿದೆ.’

‘ಎಲ್ರೂ ಅಂದ್ರೆ?’ ಅಂತ ನಾನೂ ಗೋಡೆಗೇ ಕೇಳಿದೆ.

‘ಅರವತ್ತು ಜನ.’

ಅರವತ್ತು ಜನ, ಅರವತ್ತು ಕೆಮ್ಮು, ನೂರಿಪ್ಪತ್ತು ಕೈ! ಡಾಕ್ಟರು ಜನ ಸೇರಿಸ್ಬೇಡಿ, ಕೈಯಿಂದ ಕೈಗೆ ಕೊಡ್ಬೇಡಿ ಅಂತ ಬಡ್ಕೊಂಡಿದಾರೆ. ಆಗಲ್ಲ ಅಂದೆ. ಆಗ ನನ್ನ ಕಡೆ ತಿರುಗಿದ್ಲು.

‘ಏಳು ಜನ ಅಂದ್ಯಲ್ಲ ಆವತ್ತು. ಅದರಲ್ಲಿ ಮೂರಕ್ಕೆ ಹೆಸರೇ ಇಟ್ಟಿರ್ಲಿಲ್ಲ ಕಣೋ. ಅಮ್ಮ ಅಳೋಕೆ ಏನಂತ ಕರೆದು ಅಳ್ಬೇಕು ಅಂತ ಗೊತ್ತಾಗ್ದೆ ಸುಮ್ನೆ ಕೂತಿರ್ತಿದ್ಲು. ನೀನಿನ್ನೂ ಹುಟ್ಟಿರ್ಲಿಲ್ಲ. ನಾನು ನೋಡಿದೀನಿ. ಶನಿವಾರ ಇವಳನ್ನ ಪೆಟ್ಟಿಗೆಗೆ ಹಾಕ್ತಾರೋ ಏನೋ. ಹೆಸರಿಲ್ದೆ ಕಳಿಸಲ್ಲ ನಾನು.’

ಇವಳ ಟೋಪಿನ ಕಿವಿ ಮುಚ್ಚೋ ಹಾಗೆ ಎಳೆದೆ.


ಜನವರಿ 21, ಬುಧವಾರ

ಮಾಡು ಅಕ್ಕ ಅಂದೆ. ಅರವತ್ತಲ್ಲ, ನೂರು ಜನ ಬರ್ಲಿ. ಅವಳಿಗೇ ಅನುಮಾನ ಬಂತು, ಇಷ್ಟು ಬೇಗ ಒಪ್ಪಿದ್ನಲ್ಲ ಅಂತ.

ನಮ್ಮಲ್ಲಿ ಒಂದು ಶಾಸ್ತ್ರ ಇದೆ. ಮಗುನ ತೊಟ್ಟಿಲಿಗೆ ಹಾಕೋಕೆ ಮುಂಚೆ ಗುಂಡುಕಲ್ಲಿಗೆ ಅರಿಶಿನ ಹಚ್ಚಿ, ಟೋಪಿ ಹಾಕಿ, ಅದನ್ನ ಮೊದಲು ಮಲಗಿಸಿ ತೂಗ್ತಾರೆ. ಮಗು ಕಲ್ಲಿನ ಹಾಗೆ ಗಟ್ಟಿಯಾಗ್ಲಿ ಅಂತ. ಆಮೇಲೆ ಕಲ್ಲು ತೆಗೆದು ಮಗುನ ಹಾಕ್ತಾರೆ.

ಮಧ್ಯಾಹ್ನ ಅಕ್ಕ ಮಲಗಿದಾಗ ಹಿತ್ತಲಿಂದ ಕುಟ್ಟೋ ಗುಂಡುಕಲ್ಲು ತಂದು ಉಜ್ಜಿ ತೊಳೆದೆ. ಚಿಕ್ಕದು, ಎರಡು ಕೆಜಿ ಸುಮಾರು. ವಿಭಾ ಮಂಚದ ಮೇಲಿಟ್ಟೆ.

‘ಏನಪ್ಪ ಇದು?’

‘ನಿನ್ನ ಎರಡನೇ ಮಗಳು.’

ವಿಭಾ ಕಲ್ಲು ನೋಡಿದ್ಲು, ನನ್ನ ಎದೆ ಮೇಲಿನ ಗಂಟು ನೋಡಿದ್ಲು, ಮತ್ತೆ ಕಲ್ಲು ನೋಡಿದ್ಲು. ಹೊಟ್ಟೆ ಹಿಡ್ಕೊಂಡು ನಕ್ಕಳು. ‘ಅಯ್ಯೋ ನಗಿಸ್ಬೇಡ, ಹೊಲಿಗೆ ನೋಯುತ್ತೆ’ ಅಂತ ನಗ್ತಾನೇ ಇದ್ಲು. ಬಾಣಂತಿ ನಕ್ಕಿದ್ದು ಮನೆಗೆ ಬಂದ ಮೇಲೆ ಇದೇ ಮೊದಲು. ಜ್ವರನೂ ಇಲ್ಲ ಎರಡು ದಿನದಿಂದ.


ಜನವರಿ 23, ಶುಕ್ರವಾರ

ಗೆದ್ದೆ. ನಿಧಾನವಾಗಿ ಬರೀತೀನಿ.

ನಂದು ಪಂಚೆ, ಮೇಲೆ ದಪ್ಪ ಶಾಲು. ಶಾಲೊಳಗೆ, ಸೀರೆ ಕಟ್ಟಿನೊಳಗೆ ಇವಳು. ಕಿಟಕಿ ಪಕ್ಕ ಒರಗು ಕುರ್ಚಿಲಿ ಕೂತೆ, ಎದುರಿಗೆ ಒಂದು ಸ್ಟೂಲು ಅಡ್ಡ ಇಟ್ಕೊಂಡೆ. ಹತ್ರ ಬಂದವರಿಗೆಲ್ಲ ‘ಮಂಡಿ ನೋವು, ತಾಗಿಸ್ಬೇಡಿ’ ಅಂದೆ. ಮುದುಕನ ಮಂಡಿ ಅಂದ್ರೆ ಜನ ಹಾವು ಕಂಡಂಗೆ ದೂರ ಹೋಗ್ತಾರೆ.

ಹೆಂಗಸರು ಕಲ್ಲಿಗೆ ಟೋಪಿ ಹಾಕಿ ತೊಟ್ಟಿಲಲ್ಲಿಟ್ಟು ತೂಗಿದ್ರು. ಆರತಿ ಆಯ್ತು. ‘ಹ್ಞೂಂ, ಮಗು ಕರ್ಕೊಂಡು ಬಾರೇ’ ಅಂದ್ರು. ವಿಭಾ ಕಲ್ಲು ತಗೊಂಡು ಒಳಗೆ ಹೋದ್ಲು. ಬರುವಾಗ ಟವಲ್ಲು, ಟವಲ್ಲೊಳಗೆ ಟೋಪಿ, ಟೋಪಿಯೊಳಗೆ ಅದೇ ಕಲ್ಲು. ಎಷ್ಟು ಹುಷಾರಾಗಿ ಕತ್ತಿಗೆ ಕೈಕೊಟ್ಟು ಮಲಗಿಸಿದ್ಲು ಅಂದ್ರೆ ನನಗೇ ಒಂದು ಕ್ಷಣ ಅನುಮಾನ ಬಂತು. ಮುಖ ಗೋಡೆ ಕಡೆ ತಿರುಗಿಸಿ, ಸೊಳ್ಳೆ ಪರದೆ ಎಳೆದು, ‘ಶ್! ಈಗ ತಾನೇ ಮಲಗಿದಾಳೆ. ದೂರದಿಂದ ನೋಡಿ, ಡಾಕ್ಟರು ಮುಟ್ಬಾರ್ದು ಅಂದಿದಾರೆ’ ಅಂದ್ಲು. ನನ್ನ ಮಗಳು! ಇಷ್ಟು ವರ್ಷ ಈ ವಿದ್ಯೆ ಎಲ್ಲಿ ಬಚ್ಚಿಟ್ಟಿದ್ಲೋ.

ಜನ ಸಾಲಾಗಿ ಬಂದ್ರು.

‘ಸೀತಾಲಕ್ಷ್ಮಿದೇ ಮೂಗು.’

‘ಬಣ್ಣ ಒಂಚೂರು ಕಮ್ಮಿ. ಕೇಸರಿ ಹಾಲು ಕುಡಿಬೇಕಿತ್ತು ತಾಯಿ.’

‘ನೋಡ್ರೀ, ನಿದ್ದೆಲಿ ನಗ್ತಿದೆ!’

ಅಳಿಯ ಬೆಲ್ಟ್ ಸಮೇತ ಬಂದಿದ್ದ. ಅವನಿಗೆ ವಿಷಯ ಗೊತ್ತು, ನಗು ತಡೆಯೋಕಾಗ್ದೆ ಹೆಗಲು ಹಿಡ್ಕೊಂಡು ಮುಖ ಕಿವುಚ್ತಿದ್ದ. ಪಾಪ ಎಷ್ಟು ನೋವೋ ಅಂದ್ರು ಎಲ್ಲ. ಗೌರೀಶಂಕರ ಪರದೆಗೆ ಮೂಗು ತಾಗಿಸಿ ಮನಸಾರೆ ಕೆಮ್ಮಿ, ‘ಏನ್ ಗಟ್ಟಿಗಿತ್ತಿ ಮಾರಾಯ, ಕಮಕ್ ಕಿಮಕ್ ಅನ್ನಲ್ಲ!’ ಅಂದ. ಕೆಮ್ಮಪ್ಪ, ಇನ್ನೂ ಕೆಮ್ಮು, ಅಂದ್ಕೊಂಡೆ.

ಆಮೇಲೆ ಹೆಸರು. ಮಗು ಕಿವಿಲಿ ಸೋದರತ್ತೆ ಮೂರು ಸಲ ಹೇಳ್ಬೇಕು. ನಚಿಕೇತನಿಗೆ ಅಕ್ಕತಂಗಿ ಇಲ್ಲ, ಅದಕ್ಕೆ ಹಿರಿಯಳು ಅಂತ ನಮ್ಮಕ್ಕನೇ. ಇದನ್ನ ನಾನು ಯೋಚನೆ ಮಾಡಿರ್ಲಿಲ್ಲ. ಗುಂಪಲ್ಲಿ ಎಲ್ಲೋ ನಿಂತು ಕೂಗಿ ಹೇಳ್ತಾಳೆ ಅಂದ್ಕೊಂಡಿದ್ದೆ. ಅಕ್ಕ ಪರದೆ ಸರಿಸಿದ್ಲು. ಬಗ್ಗಿದ್ಲು. ಟೋಪಿ ಪಕ್ಕಕ್ಕೆ ಸರಿಸೋಕೆ ಕೈ ಹಾಕಿದ್ಲು.

ಕೈ ನಿಂತು ಹೋಯ್ತು.

ಮನೆ ತುಂಬ ಜನ ಕಾಯ್ತಿದಾರೆ. ಭಾರ್ಗವ, ಅವಳ ಮಗ, ಫೋನಲ್ಲಿ ವಿಡಿಯೋ ಮಾಡ್ತಿದಾನೆ. ಅವಳು ನಿಧಾನಕ್ಕೆ ತಲೆ ಎತ್ತಿ ನನ್ನ ಕಡೆ ನೋಡಿದ್ಲು. ಅದೇ ಹೊತ್ತಿಗೆ ಶಾಲೊಳಗೆ ಇವಳಿಗೆ ಬಿಕ್ಕಳಿಕೆ ಶುರುವಾಯ್ತು. ಒಂದೊಂದು ಬಿಕ್ಕಿಗೂ ಶಾಲು ಕುಪ್ಪಳಿಸ್ತಿದೆ. ಅಕ್ಕನ ಮುಖದಲ್ಲಿ ಲಂಕೆ ಹೊತ್ತಿದ್ದು ನಾನು ನೋಡಿದೆ. ಮುಗೀತು ಅನ್ಕೊಂಡೆ. ಬೈದ್ರೆ ಬೈಲಿ, ಶಾಲು ಮಾತ್ರ ತೆಗೆಯಲ್ಲ, ಅರವತ್ತು ಜನ ಎಳೆದ್ರೂ ತೆಗೆಯಲ್ಲ ಅಂತ ಎರಡು ಕೈಲೂ ಹಿಡ್ಕೊಂಡೆ.

‘ಲೋ ಸಿಂಹ’ ಅಂದ್ಲು ಜೋರಾಗಿ. ‘ನಾಕು ಜನರ ಎದುರಿಗೆ ಶಾಲು ಹೊದ್ಕೊಳೋ ರೀತಿನೇನೋ ಅದು? ವಯಸ್ಸಾದ್ರೂ ಬುದ್ಧಿ ಬರ್ಲಿಲ್ಲ.’

ಬಂದ್ಲು. ಸ್ಟೂಲು ಕಾಲಲ್ಲೇ ತಳ್ಳಿದ್ಲು. ಶಾಲು ಸರಿಮಾಡೋ ಹಾಗೆ ಬಗ್ಗಿ ಅಂಚು ಒಂದಿಷ್ಟು ಎತ್ತಿ, ನನ್ನೆದೆಗೆ ಬಾಯಿಟ್ಟು ಹೇಳಿದ್ಲು.

‘ಧೃತಿ. ಧೃತಿ. ಧೃತಿ.’

ಅವಳ ಉಸಿರು ನಂಗೂ ತಾಗ್ತು. ಬಿಕ್ಕಳಿಕೆ ನಿಂತಿತು. ಆಮೇಲೆ ನನ್ನ ಕಿವಿಗೆ ಮಾತ್ರ: ‘ಕಲ್ಲಿಗೊಂದೇ ಟೋಪಿ ಹಾಕೋ ಅಂದ್ರೆ ಇಡೀ ಊರಿಗೇ ಹಾಕಿದೀಯಲ್ಲೋ ಮುಂಡೇದೇ.’

ನೆಟ್ಟಗೆ ನಿಂತು, ಜನರ ಕಡೆ ತಿರುಗಿ, ‘ಹೆಸರಾಯ್ತು. ಧೃತಿ. ಮಗು ಮಲಗಿದೆ, ತೊಟ್ಟಿಲ ಹತ್ರ ಯಾರೂ ಸುಳೀಬೇಡಿ. ಎಲೆ ಹಾಕಿದೆ, ನಡೀರಿ ಊಟಕ್ಕೆ’ ಅಂದ್ಲು. ಆಮೇಲೆ ಒಂದು ಕುರ್ಚಿ ಎಳ್ಕೊಂಡು ತೊಟ್ಟಿಲಿಗೂ ನನಗೂ ಮಧ್ಯ ಕೂತ್ಲು. ಕಲ್ಲನ್ನ ತೂಗ್ತಾ, ಎಲ್ಲರೂ ಹೋಗೋವರೆಗೂ ಏಳ್ಲಿಲ್ಲ.


ಜನವರಿ 24, ಶನಿವಾರ

ಏರಿದೆ! ತೂಕ ಏರಿದೆ. ಪೆಟ್ಟಿಗೆ ಬೇಡ ಅಂದ್ರು. ಡಾಕ್ಟರು ಮಾತು ಮುಗಿಸೋಕೆ ಮುಂಚೆನೇ ಅಕ್ಕ ಟವಲ್ ಕಿತ್ಕೊಂಡು ಇವಳನ್ನ ಸುತ್ತಿ ನನ್ನ ಎದೆಗೆ ತುರುಕಿದ್ಲು. ‘ತಣ್ಣಗಾಗುತ್ತೆ, ನೋಡ್ತಾ ನಿಂತಿದೀಯಲ್ಲ.’

ತೀರ್ಥದ ವಿಷಯ ಅವಳಿಗೆ ಮೊದಲ ದಿನವೇ ಗೊತ್ತಿತ್ತಂತೆ. ಆಟೋಲಿ ಹೇಳಿದ್ಲು. ‘ಯಾವ ದೇವಸ್ಥಾನದಲ್ಲೋ ಚೊಂಬುಗಟ್ಟಲೆ ಕೊಡ್ತಾರೆ?’

‘ಗುಂಡಿ ನೋಡ್ಕೊಂಡು ಓಡ್ಸಪ್ಪ’ ಅಂತ ಆಟೋದವನಿಗೆ ಹೇಳಿದೆ.


ಫೆಬ್ರವರಿ 13, ಶುಕ್ರವಾರ

ಬಹಳ ದಿನ ಆಯ್ತು ಬರೆದು. ಕೈ ಖಾಲಿ ಇರ್ಲಿಲ್ಲ.

ವಿಭಾ ಹೊಲಿಗೆ ಆರಿದೆ. ಈಗ ಹೆಚ್ಚಿನ ಪಾಳಿ ಅವಳದ್ದೇ, ಧೃತಿ ಎದೆಹಾಲನ್ನೂ ತಾನೇ ಎಳೀತಾಳೆ. ನಚಿಕೇತನ ಬೆಲ್ಟು ಬಿಚ್ಚಿದ್ರು, ಅವನೂ ಸಾಲಲ್ಲಿ ನಿಂತಿದಾನೆ. ಇವತ್ತು ಶ್ವೇತ ಬಂದು ತೂಕ ನೋಡಿದ್ಲು. ಎರಡೂವರೆ ದಾಟಿದೆ. ಕಟ್ಟಿದ್ರೆ ಸಾಕು ಒದ್ದು ಒದ್ದು ಹೊರಗೆ ಬರೋಕೆ ನೋಡ್ತಾಳೆ.

‘ಅವಳೇ ಬೇಡ ಅಂತಿದಾಳೆ. ಇನ್ನು ಕಾಂಗರೂ ಸಾಕು ತಾತ. ಡ್ಯೂಟಿ ಮುಗೀತು ನಿಮ್ದು.’

ಸಂಜೆ ಶರ್ಟ್ ಹಾಕ್ಕೊಂಡು, ಗುಂಡಿ ಎಲ್ಲಾ ಹಾಕ್ಕೊಂಡು ಕೆರೆ ಕಡೆ ಹೋದೆ. ಗೌರೀಶಂಕರ ಒಂದು ಚಿಟಿಕೆ ನಶ್ಯ ಕೊಡೋ ಅಂದ. ಜೇಬು ತಡಕಿದೆ. ಡಬ್ಬಿ ಎಲ್ಲಿಟ್ಟೆ ಅಂತ ನೆನಪಿಲ್ಲ. ‘ಈಗ್ಲೇ ಸೆಖೆ ಶುರುವಾಯ್ತು ಕಣೋ’ ಅಂತ ಅವನು ಬೀಸ್ಕೋತಿದ್ದ. ನಂಗೆ ಎದೆ ಹತ್ರ ಚಳಿ. ಅರ್ಧ ಸುತ್ತಿಗೇ ವಾಪಸ್ ಬಂದೆ.

ಬಂದು ಕೈಕಾಲು ತೊಳೆದು ಗುಂಡಿ ಬಿಚ್ಚಿದೆ. ಅಕ್ಕ ಧೃತಿನ ತೊಡೆ ಮೇಲೆ ಹಾಕ್ಕೊಂಡು ಕೂತಿದ್ಲು.

‘ಏನೋ ಅದು? ಸಾಕು ಅಂದಿಲ್ವಾ ಶ್ವೇತ?’

‘ಆಸ್ಪತ್ರೆಯವರು ಹೇಳಿದ್ದನ್ನೆಲ್ಲ ಕೇಳ್ಬೇಕಾ? ನಮ್ಮ ಮಗು ನಮಗೆ ಗೊತ್ತಿಲ್ವಾ?’

‘ಲೋ, ಅದು ನನ್ನ ಡೈಲಾಗು ಕಣೋ.’

‘ಇರ್ಲಿ. ಕೊಡಿಲ್ಲಿ.’

ಕೊಟ್ಲು. ಧೃತಿ ಒದ್ದಳು, ಒದ್ದಳು, ಜನಿವಾರ ಸಿಕ್ಕಿದ ಮೇಲೆ ಸುಮ್ನಾದ್ಲು.